ಹಳದಿಯ ಕೆಳಗಿನ ಬೂದು

ಬೀದಿಯ ತಿರುವಿನಲ್ಲಿ ಬಸ್ಸಿನಿಂದ ಇಳಿಯುವಾಗ ಅವಳು ಡ್ರೈವರಿಗೆ ಥ್ಯಾಂಕ್ಸ್ ಹೇಳಿದಳು, ದಾರಿ ಬಿಟ್ಟುಕೊಟ್ಟ ದಪ್ಪ ಹೆಂಗಸಿಗೆ ಹೇಳಿದಳು, ಹೆಗಲಿನಿಂದ ಜಾರಿದ ತನ್ನ ಚೀಲವನ್ನು ಹಿಡಿದುಕೊಂಡವನಿಗೆ ಒಂದು ಸಲ ಸಾಲದೆಂದು ಇನ್ನೊಂದು ಸಲ ಹೇಳಿದಳು. ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚಿಕೊಂಡಾಗ ಅದಕ್ಕೂ ಹೇಳುವುದರಲ್ಲಿದ್ದವಳು ನಾಲಿಗೆ ಕಚ್ಚಿಕೊಂಡಳು. ಕಚೇರಿಯಲ್ಲಿ ತನ್ನ ಬೆನ್ನ ಹಿಂದೆ ಎಲ್ಲರೂ ಥ್ಯಾಂಕ್ಸಮ್ಮ ಅನ್ನುತ್ತಾರೆಂದು ಅವಳಿಗೆ ಗೊತ್ತು. ಅನ್ನಲಿ. ಅಪ್ಪ ಅಮ್ಮ ಇಲ್ಲದೆ ಇನ್ನೊಬ್ಬರ ಮನೆಯಲ್ಲಿ ಬೆಳೆದವರಿಗೆ ಆ ಮಾತು ಜೇಬಿನಲ್ಲಿಟ್ಟುಕೊಂಡ ಚಿಲ್ಲರೆಯಂತೆ, ಎಲ್ಲಿ ಯಾವಾಗ ಬೇಕಾಗುತ್ತದೋ ಹೇಳಲಾಗುವುದಿಲ್ಲ, ಕೈಯಲ್ಲಿ ಸದಾ ಇರಬೇಕು. ಕೊಟ್ಟುಬಿಟ್ಟರೆ ಒಂದು ಸಮಾಧಾನ, ಸದ್ಯ, ಈ ಮನುಷ್ಯನ ಹಂಗು ತೀರಿತು ಎಂದು. ಇವತ್ತು ಮಾತ್ರ ಆ ಸಮಾಧಾನ ಬರಲಿಲ್ಲ. ಬೀದಿಯ ನಡುವೆ, ಇದ್ದಬದ್ದ ಬಿಸಿಲನ್ನೆಲ್ಲ ತಾನೊಬ್ಬನೇ ಹೀರಿಕೊಂಡವನ ಹಾಗೆ, ಹಳದಿ ಮನೆ ನಿಂತಿತ್ತು. ಅದನ್ನು ಕೆರೆದು ನೋಡಿ ಅದರ ಬಣ್ಣ ತೆಗೆಸಲು ಅವಳು ಬಂದಿದ್ದಳು.

ಉಸ್ಸೆಂಬ ಆ ಸದ್ದು ಮಾವನದು. ಅತ್ತೆಯ ಗಂಡ, ನೀರಿನ ಕಚೇರಿಯ ಗುಮಾಸ್ತರು, ಪೆನ್ಸಿಲನ್ನು ಎಷ್ಟು ಚೂಪು ಮಾಡುತ್ತಿದ್ದರೆಂದರೆ ಅದರಲ್ಲಿ ಬರೆಯಲು ಕಾಗದವೇ ಹೆದರಬೇಕು. ಅವರು ಅವಳನ್ನು ಒಂದು ದಿನವೂ ಬೈದವರಲ್ಲ. ಇನ್ನೊಂದು ಸಲ ಅನ್ನ ಬಡಿಸಿಕೊಂಡಾಗ ಉಸ್ಸ್. ಚಪ್ಪಲಿ ಕಿರಿದಾಯಿತೆಂದು ಹೇಳಿದಾಗ ಉಸ್ಸ್. ಶಾಲೆಯಿಂದ ಮೊದಲ ಬಹುಮಾನ ತಂದು ತೋರಿಸಿದಾಗಲೂ ಕನ್ನಡಕ ಮೇಲೆತ್ತಿ, ಬಹುಮಾನವನ್ನೂ ಅವಳನ್ನೂ ನೋಡಿ, ಉಸ್ಸ್. ಬೈದಿದ್ದರೆ ಅಳಬಹುದಿತ್ತು, ಅತ್ತು ಮುಗಿಸಬಹುದಿತ್ತು. ಉಸಿರಿಗೆ ಯಾರು ಏನು ಮಾಡಲು ಸಾಧ್ಯ? ಅದರ ಅರ್ಥ ಅವಳು ತಾನೇ ಕಂಡುಕೊಂಡಿದ್ದಳು: ಇವಳೊಬ್ಬಳು ಬಂದು ಸೇರಿಕೊಂಡಳಲ್ಲ. ಹೀಗೆ ಕಂಡುಕೊಂಡ ಮೇಲೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಳು, ಚಪ್ಪಲಿಯೊಳಗೆ ಬೆರಳು ಮಡಿಸಿ ನಡೆಯುವುದನ್ನು ಕಲಿತಳು. ಓದು ಮುಗಿದು ಕೆಲಸ ಸಿಕ್ಕಿದ್ದೇ ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದಳು. ಅಲ್ಲಿಂದ ಇಲ್ಲಿಗೆ ಒಂದೇ ಬಸ್ಸು. ಆದರೂ ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಆಮೇಲೆ ಅದೂ ಫೋನಿಗೆ ಇಳಿಯಿತು. ಮಾವ ತೀರಿಕೊಂಡಾಗ ಬಂದವಳು ಮಾರನೇ ದಿನವೇ, ಕೆಲಸವಿದೆ ಅತ್ತೆ, ಎಂದು ಎದ್ದಿದ್ದಳು. ಅತ್ತೆ, ಹೋಗಿ ಬಾ, ಅಂದಿದ್ದರು. ಅವರು ಅಷ್ಟನ್ನು ಮಾತ್ರ ಅಂದದ್ದು ಈಗಲೂ ಕೆಲವೊಮ್ಮೆ, ಬಾಯಿ ಮುಕ್ಕಳಿಸುವಾಗಲೋ ಬೀಗದ ಕೈ ಹುಡುಕುವಾಗಲೋ, ಇದ್ದಕ್ಕಿದ್ದಂತೆ ಬಂದು ಚುಚ್ಚುತ್ತಿತ್ತು.

ಬೀದಿಯ ಮನೆಗಳೆಲ್ಲ ಒಬ್ಬನೇ ಕಟ್ಟಿಸಿದವು, ನೂರು ವರ್ಷದ ಹಿಂದೆ. ಗೋಡೆಗೆ ಗೋಡೆ ಅಂಟಿಕೊಂಡು, ಒಂದೇ ಅಳತೆಯ ಕಿಟಕಿ, ಒಂದೇ ಮಾದರಿಯ ಮೆಟ್ಟಿಲು, ಬಾಗಿಲ ಮೇಲೆ ಗಾರೆಯಲ್ಲಿ ಕೊರೆದ ಒಂದೇ ಬಳ್ಳಿ. ಆ ಬಳ್ಳಿಯ ಎಲೆಗಳನ್ನು ಯಾರೋ ಕೆಲಸಗಾರ ಪ್ರತಿ ಮನೆಗೂ ಅಷ್ಟೇ ತಾಳ್ಮೆಯಿಂದ ಕೊರೆದಿದ್ದಾನೆ. ಅವನಿಗೂ ಅವಳು ಮನಸ್ಸಿನಲ್ಲೇ ಒಂದು ಥ್ಯಾಂಕ್ಸ್ ಹೇಳುವುದುಂಟು. ಇಂಥ ಬೀದಿಗಳನ್ನು ಕೆಡವದೆ ಉಳಿಸಲೆಂದು ಊರಿನಲ್ಲೊಂದು ಸಮಿತಿ ಆಗಿ, ಪ್ರತಿ ಮನೆಯ ಮುಂಗೋಡೆ ಅದರ ಮೊಟ್ಟಮೊದಲ ಬಣ್ಣಕ್ಕೆ ಮರಳಬೇಕೆಂದು ನಿಯಮವಾಗಿ, ಆ ಮೊದಲ ಬಣ್ಣ ಯಾವುದೆಂದು ಹೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ಸೂರಿನ ಕೆಳಗೆ ಮಳೆ ಬಿಸಿಲು ತಾಗದ ಜಾಗ ಹುಡುಕಿ, ನಾಣ್ಯದಷ್ಟು ಅಗಲಕ್ಕೆ ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿದರೆ, ಒಂದರೊಳಗೊಂದು ಬಣ್ಣದ ಉಂಗುರಗಳು ಏಳುತ್ತವೆ. ಹೊರಗಿನದು ಇವತ್ತಿನ ಬಣ್ಣ, ನಟ್ಟನಡುವಿನದು ಮೊದಲಿನದು. ಅದನ್ನು ಕಣ್ಣು ತೆಗೆಯುವುದು ಅನ್ನುತ್ತಾರೆ. ಈ ಬೀದಿಯ ಕಣ್ಣುಗಳ ನಡುವೆಲ್ಲ ಸಿಕ್ಕಿದ್ದು ಒಂದೇ, ಹಸಿ ಮರಳಿನ ಬಣ್ಣ. ಹಸಿರು ಹೋಯಿತು, ನೀಲಿ ಹೋಯಿತು, ಪಕ್ಕದ ಮನೆ ಟೈಲರಮ್ಮನ ಗುಲಾಬಿ ಹೋಯಿತು. ಹಳದಿಯೊಂದು ಉಳಿದಿತ್ತು. ಎರಡು ಸಲ ನೋಟಿಸು ಕೊಟ್ಟರೂ ಹಳದಿ ಮನೆಯ ಮುದುಕಿ, ಅಂದರೆ ಅತ್ತೆ, ಆಗಲ್ಲ ಅಂದಿದ್ದರು. ಈಗ ಅವಳ ವರದಿ ಹೋದರೆ ಸಮಿತಿಯೇ ಆಳು ಕಳಿಸಿ ಬಳಿಸುತ್ತದೆ.

‘ಆ ಮನೆಯವರು ನಿಮಗೆ ಗೊತ್ತಾ?’ ಎಂದು ಹೋದ ಸಭೆಯಲ್ಲಿ ಅಧ್ಯಕ್ಷರು ಕೇಳಿದ್ದರು. ನಿವೃತ್ತ ದಂತವೈದ್ಯರು ಅವರು, ಎದುರಿಗೆ ಯಾರು ಮಾತಾಡಿದರೂ ಕಣ್ಣು ಅವರ ಹಲ್ಲಿನ ಮೇಲೇ. ಬಣ್ಣ ಪರೀಕ್ಷಿಸುವವರು ಸ್ವಂತ ಮನೆಯನ್ನಾಗಲಿ ನೆಂಟರ ಮನೆಯನ್ನಾಗಲಿ ತಾವೇ ಪರೀಕ್ಷೆ ಮಾಡಕೂಡದೆಂಬ ನಿಯಮ ಮಾಡಿದವರೂ ಅವರೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತಾನಾಗಿ ಬಾಯಿಗೆ ಹೋಗಿತ್ತು. ‘ಪರಿಚಯ, ಅಷ್ಟೆ,’ ಅಂದಿದ್ದಳು. ಹೇಳಿದ ಮೇಲೆ ಅದೇನು ಪೂರ್ತಿ ಸುಳ್ಳಲ್ಲವೆಂದು ತನಗೆ ತಾನೇ ವಾದಿಸಿದಳು. ಎಷ್ಟೋ ವರ್ಷ ಒಂದೇ ಸೂರಿನ ಕೆಳಗಿದ್ದರೂ ಅದು ಅತ್ತೆ ಮನೆ, ಮಾವನ ಮನೆ. ನಮ್ಮ ಮನೆ ಎಂದು ಅವಳ ಬಾಯಲ್ಲಿ ಬಂದದ್ದಿಲ್ಲ. ಮತ್ತೆ, ಒಳಗೊಳಗೆ ಇನ್ನೊಂದು ಹುಳು ಇತ್ತು. ಆ ಹಳದಿ ಹೋಗುವುದಾದರೆ ತನ್ನ ಕೈಯಿಂದಲೇ ಹೋಗಲಿ ಎಂಬ ಹುಳು. ಶಾಲೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ಹಳದಿ ಮನೆ ಹುಡುಗಿ. ಊರಿಗೆಲ್ಲ ಕಾಣುವ ಮನೆ, ಊರಿಗೆಲ್ಲ ಕಾಣುವ ಅನಾಥೆ. ಬರುತ್ತೇನೆಂದು ಫೋನು ಮಾಡಿದಾಗ ಅತ್ತೆ, ‘ನೀನೇ ಬರ್ತೀಯಾ? ಒಳ್ಳೇದಾಯ್ತು ಬಿಡು,’ ಅಂದಿದ್ದರು. ಏನು ಒಳ್ಳೆಯದಾಯಿತೆಂದು ಕೇಳುವ ಧೈರ್ಯ ಅವಳಿಗೆ ಆಗಲಿಲ್ಲ.

ಪಕ್ಕದ ಮನೆಯ ಕಿಟಕಿಯಲ್ಲಿ ಟೈಲರಮ್ಮ ಮಿಷಿನ್ನಿನ ಮುಂದೆ ಕೂತಿದ್ದರು. ಅವಳು ಕೈ ಮುಗಿದಳು. ಟೈಲರಮ್ಮ ತಲೆ ಎತ್ತಿ ನೋಡಿ, ಸೂಜಿಯ ಕಡೆ ತಲೆ ತಗ್ಗಿಸಿ, ಮಿಷಿನ್ನನ್ನು ಇನ್ನಷ್ಟು ಜೋರಾಗಿ ತುಳಿದರು. ಹೋದ ವರ್ಷ ಗುಲಾಬಿ ಹೋಗುವಾಗ ಆ ಹೆಂಗಸು, ‘ಗುಲಾಬಿ ಮನೆ ಟೈಲರ್ ಅಂದ್ರೆ ಜನ ಬರ್ತಿದ್ರು ಕಣಮ್ಮ, ಇನ್ನು ಏನಂತ ಹೇಳ್ಲಿ, ಮರಳು ಬಣ್ಣದ ಸಾಲಲ್ಲಿ ಎಷ್ಟನೆಯದೋ ಅಂತಾನಾ?’ ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಅವಳು ನಿಯಮ ಹೇಳಿದ್ದಳು. ಹೇಳುವಾಗ ತನ್ನ ದನಿಯಲ್ಲಿ ಸಣ್ಣದೊಂದು ರುಚಿ ಸೇರಿಕೊಂಡದ್ದು ತನಗೇ ಕೇಳಿಸಿತ್ತು. ಆ ರುಚಿ ಹಳೆಯದು. ಈ ಊರಿಗೆ ಬಂದ ಹೊಸದರಲ್ಲಿ, ಶಾಲೆಯಿಂದ ಮರಳುವಾಗ, ಅವಳು ತಪ್ಪಿ ಇದೇ ಟೈಲರಮ್ಮನ ಮನೆಗೆ ನುಗ್ಗಿ, ಅಡುಗೆಮನೆಯ ಮಣೆಯ ಮೇಲೆ ಕೂತು, ಅತ್ತೆ ಹಸಿವು ಎಂದು ಕೂಗಿದ್ದಳು. ಆಗಷ್ಟೇ ಮದುವೆಯಾಗಿ ಬಂದಿದ್ದ ಟೈಲರಮ್ಮ ನಗು ತಡೆಯಲಾರದೆ ಅವಳ ಕೈ ಹಿಡಿದು ಬೀದಿಗೆ ತಂದು, ‘ಯಾರ ಮನೆ ಕರು ಇದು, ಕೊಟ್ಟಿಗೆ ತಪ್ಪಿ ಬಂದಿದೆ!’ ಎಂದು ಕೂಗಿದ್ದರು. ಅದು ಮೊದಲ ಸಲವೂ ಅಲ್ಲ. ಅದಕ್ಕೆ ಮೊದಲು ಆಚೆ ಮನೆಗೂ ಎದುರು ಮನೆಗೂ ಹೋಗಿದ್ದಳು. ಬೀದಿಯೆಲ್ಲ ಮೆಟ್ಟಿಲ ಮೇಲೆ ನಿಂತು ನಕ್ಕಿತ್ತು. ಅವಳ ಕಾಲ ಸಂದಿಯಿಂದ ಬೆಚ್ಚಗೆ ಇಳಿದು ಕಾಲುಚೀಲ ಒದ್ದೆಯಾಗಿತ್ತು. ಮಾವ ಮೆಟ್ಟಿಲ ಮೇಲಿದ್ದರು. ಉಸ್ಸ್ ಅಂದು ಒಳಗೆ ಹೋದರು. ಆ ರಾತ್ರಿಯೇ ಅವಳಿಗೆ ಜ್ವರ ಬಂತು. ಇಷ್ಟು ವರ್ಷವಾದರೂ ಅವಳಿಗೆ ಅರ್ಥವಾಗದೆ ಉಳಿದದ್ದು ನಕ್ಕವರ ನಗುವಲ್ಲ, ತನ್ನದೇ ಪೆದ್ದುತನ. ಇಡೀ ಬೀದಿಯಲ್ಲಿ ಅಷ್ಟು ಢಾಳಾದ ಹಳದಿ ಮನೆ ಒಂದೇ ಇರುವಾಗ ಅದನ್ನೇ ಕಾಣದೆ ಪಕ್ಕದ ಮನೆಗೆ ನುಗ್ಗುವ ಮಗು ಎಂಥ ಮಂಕು ಮಗುವಾಗಿರಬೇಕು? ದೊಡ್ಡವಳಾದ ಮೇಲೆ ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ, ಸಮಿತಿಯ ಮೇಜಿನ ಮುಂದೆ, ಎಲ್ಲಿ ತಡವರಿಸಿದರೂ ಆ ಮಂಕು ಮಗು ಒಳಗಿನಿಂದ ಇಣುಕಿ ನೋಡುತ್ತಿತ್ತು.

‘ಬಂದ್ಯಾ? ಕತ್ತಿ ಗಿತ್ತಿ ಎಲ್ಲ ತಂದಿದ್ದೀಯೋ?’ ಅತ್ತೆ ಬಾಗಿಲ ಬಳಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದರು.

‘ಚೀಲದಲ್ಲಿದೆ ಅತ್ತೆ. ಚೆನ್ನಾಗಿದ್ದೀರಾ?’

‘ಮಂಡಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ನಾನು ಹೇಳಿದ ಮಾತು ಕೇಳುತ್ತೆ. ಟೀ ಮಾಡಿಟ್ಟಿದ್ದೀನಿ, ಕುಡಿ. ಆಮೇಲೆ ಮನೆ ಕೆರೆಯುವೆಯಂತೆ.’

‘ಥ್ಯಾಂಕ್ಸ್ ಅತ್ತೆ.’

‘ಶುರುವಾಯ್ತು ನಿಂದು,’ ಅಂದರು ಅತ್ತೆ.

ಟೀ ತಣ್ಣಗಾಗುವವರೆಗೂ ಅವಳು ಒಳಗಿನ ಕೋಣೆಯಲ್ಲಿ ಸುಮ್ಮನೆ ನಿಂತಿದ್ದಳು. ಮಾವನ ಕುರ್ಚಿ ಅದೇ ಜಾಗದಲ್ಲಿತ್ತು, ಹಿಡಿಯ ಮೇಲೆ ಅವರ ಮೊಣಕೈ ತಿಕ್ಕಿದಲ್ಲಿ ಮರ ನುಣುಪಾಗಿ ಹೊಳೆಯುತ್ತಿತ್ತು. ಈ ಮನೆಯ ಮೇಲೆ ತನಗೆ ಕೋಪವಿದೆಯೆಂದು ಬಸ್ಸಿನಲ್ಲಿ ಬರುವಾಗ ಅಂದುಕೊಂಡಿದ್ದಳು. ಹುಡುಕಿದರೆ ಕೋಪ ಸಿಗಲಿಲ್ಲ. ಇಲ್ಲಿ ಹಸಿದು ಮಲಗಿದ್ದಿಲ್ಲ, ಏಟು ತಿಂದಿದ್ದಿಲ್ಲ. ಜಡೆ ಹೆಣೆಯುವಾಗ ಅತ್ತೆ ಎಳೆಯುತ್ತಿದ್ದುದು ನಿಜ, ಆದರೆ ಒಂದು ಬೆಳಿಗ್ಗೆಯೂ ಹೆಣೆಯದೆ ಕಳಿಸಿರಲಿಲ್ಲ. ಕೊಟ್ಟದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊಡುವಾಗ ಅವರಿಗೆ ಬೇಸರವಾಗುತ್ತಿತ್ತೇನೋ ಎಂಬ ಅನುಮಾನ ಮಾತ್ರ ಊಟದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಾಗಿ ತಾಗಿ, ಊಟ ಮುಗಿದು ಎಷ್ಟೋ ಕಾಲವಾದರೂ ಬಾಯಿಯಲ್ಲೇ ಉಳಿದಿತ್ತು. ಲೋಟ ತೊಳೆದು ಕವುಚಿಟ್ಟು ಹೊರಗೆ ಬಂದಳು.

ಬಾಗಿಲ ಎಡಕ್ಕೆ, ಸೂರಿನ ನೆರಳಿನಲ್ಲಿ, ಗಾರೆಯ ಬಳ್ಳಿಯ ಕೆಳಗೆ ಜಾಗ ಹಿಡಿದು ಉಜ್ಜತೊಡಗಿದಳು. ಈ ಕೆಲಸ ಅವಳನ್ನು ಯಾವತ್ತೂ ಕೈಬಿಟ್ಟಿರಲಿಲ್ಲ. ಬೆರಳು ಸುತ್ತಿದ ಹಾಗೆ ಉಸಿರು ನಿಧಾನವಾಗುತ್ತದೆ, ಪುಡಿ ಮಣಿಕಟ್ಟಿನ ಮೇಲೆ ಉದುರುತ್ತದೆ, ಒಂದೊಂದು ಉಂಗುರವಾಗಿ ಮನೆ ತನ್ನ ವಯಸ್ಸು ಬಿಟ್ಟುಕೊಡುತ್ತದೆ. ಭೂತಗನ್ನಡಿ ಹಿಡಿದಳು. ಹಳದಿಯ ಕೆಳಗೆ ಕೂದಲೆಳೆಯಷ್ಟು ಕಪ್ಪು ಗೆರೆ, ಅದರ ಕೆಳಗೆ ಮತ್ತೆ ಹಳದಿ, ಮತ್ತೆ ಗೆರೆ, ಮತ್ತೆ ಹಳದಿ. ಆ ಗೆರೆ ಬೀದಿಯ ಧೂಳು ಮತ್ತು ಹೊಗೆ. ಒಂದು ಬಣ್ಣ ಬಳಿದು ವರ್ಷಗಟ್ಟಲೆ ಕಾದು ಇನ್ನೊಂದು ಬಳಿದಿದ್ದಾರೆಂದು ಅದರ ಅರ್ಥ. ಎಲ್ಲಕ್ಕಿಂತ ಕೆಳಗಿನ ಹಳದಿಯ ಅಡಿಯಲ್ಲಿ ಬೂದು ಬಣ್ಣವಿತ್ತು, ಅವೆರಡರ ನಡುವೆ ಗೆರೆ ಇರಲಿಲ್ಲ. ಗೆರೆಯಿಲ್ಲವೆಂದರೆ ಹಳದಿ ಕಚ್ಚಿಕೊಳ್ಳಲೆಂದು ಮೊದಲು ಬಳಿದ ಅಸ್ತರು. ಅವಳು ಹಾಗೆಯೇ ಬರೆದುಕೊಂಡು ಇನ್ನೂ ಕೆಳಗಿನ ಪದರಕ್ಕೆ ಇಳಿದಳು. ಬೂದಿನ ಅಡಿಯಲ್ಲಿ ದಪ್ಪಗೆ ಕೊಳೆ, ಅದರ ಅಡಿಯಲ್ಲಿ ಮಾಸಿದ ಹಸಿರು, ಮತ್ತೆ ಕೊಳೆ, ಕೊನೆಗೆ ನಟ್ಟನಡುವೆ ಹಸಿ ಮರಳಿನ ಬಣ್ಣ. ಮುಗಿಯಿತು. ಹಳದಿ ಹೋಯಿತು. ಗೆದ್ದ ಹಾಗಾಗಬೇಕಿತ್ತು, ಆಗಲಿಲ್ಲ; ಬೆನ್ನ ಹಿಂದೆ ಅತ್ತೆಯ ಬೆರಳಿನಲ್ಲಿ ಬಟಾಣಿ ಸಿಪ್ಪೆ ಒಡೆಯುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು.

ನಿಯಮದ ಪ್ರಕಾರ ಎರಡನೆಯ ಕಣ್ಣೊಂದನ್ನು ಕಿಟಕಿಯ ಅಂಚಿನಲ್ಲಿ ತೆಗೆಯಬೇಕು. ತೆಗೆದಳು. ಅಲ್ಲಿ ಬೂದು ಬಣ್ಣಕ್ಕೆ ಆತುಕೊಂಡು ಒಂದು ಬಿಳಿ ಪಟ್ಟಿ ಕಾಣಿಸಿತು. ಭೂತಗನ್ನಡಿಯನ್ನು ಹತ್ತಿರ ತಂದಳು. ಬಿಳಿ ಬೂದಿನ ಮೇಲೆ ಒಂದಿಷ್ಟೂ ಹರಡಿರಲಿಲ್ಲ. ಎರಡರ ನಡುವೆ ಚೂಪು ಪೆನ್ಸಿಲಿನಲ್ಲಿ ಎಳೆದ ಗೆರೆ, ಅದರ ಗುಂಟ ಕುಂಚ ನಡುಗದೆ ಹೋಗಿತ್ತು. ಅಸ್ತರಿಗೆ ಯಾರೂ ಬಿಳಿ ಅಂಚು ಕಟ್ಟುವುದಿಲ್ಲ. ಮುಚ್ಚಿಹೋಗುವ ಬಣ್ಣಕ್ಕೆ ಯಾರೂ ಪೆನ್ಸಿಲು ಹಿಡಿಯುವುದಿಲ್ಲ. ಯಾರೋ ಈ ಮನೆಗೆ ಬಹಳ ಆಸೆಯಿಂದ, ಒಂದು ಹನಿ ಚೆಲ್ಲದೆ ಬೂದು ಬಣ್ಣ ಬಳಿದು ಮುಗಿಸಿದ್ದಾರೆ. ಮುಗಿಸಿ ಧೂಳು ಕೂರುವುದರೊಳಗೆ ಅದರ ಮೇಲೆ ಹಳದಿ ಬಳಿದಿದ್ದಾರೆ. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಮನೆ ಕಟ್ಟಿ ನೋಡು ಅನ್ನುತ್ತಾರೆ. ಅಷ್ಟು ಕಷ್ಟಪಟ್ಟು ಒಂದು ಬಣ್ಣ ಬಳಿದು ಅದೇ ತಿಂಗಳು ಅಳಿಸುವ ಹುಚ್ಚು ಯಾರಿಗಿರುತ್ತದೆ?

‘ಅತ್ತೆ, ಇದಕ್ಕೆ ಯಾವಾಗಾದ್ರೂ ಬೂದು ಬಣ್ಣ ಬಳಿಸಿದ್ರಾ?’

‘ಅಯ್ಯೋ, ಅದಿನ್ನೂ ಇದೆಯಾ ಒಳಗೆ?’ ಅತ್ತೆಯ ಕೈ ನಿಂತಿತು. ‘ನಿಮ್ಮ ಮಾವನೇ ಬಳಿದದ್ದು. ಆಳಿಗೆ ಬಿಟ್ರೆ ಅಂಚು ಕೆಡಿಸ್ತಾರೆ ಅಂತ ರಜಾ ದಿನವೆಲ್ಲ ಏಣಿ ಮೇಲೇ. ಆಗ ಬೀದೀಲೆಲ್ಲ ಬೂದೀನೇ, ಅದೇ ಶೋಕಿ. ನಮ್ಮದು ಮಿಕ್ಕವರಿಗಿಂತ ಒಂದು ಕೈ ಮೇಲಿರ್ಲಿ ಅಂತ ಕಿಟಕಿಗೆ ಬಿಳಿ ಪಟ್ಟಿ ಬೇರೆ. ದಿನಾ ಸಂಜೆ ರಸ್ತೆಯ ಆ ಕಡೆ ನಿಂತು ನೋಡ್ಕೊಂಡು ಬರೋರು. ಅದು ಒಣಗೋ ಹೊತ್ತಿಗೆ ನೀನು ಬಂದೆ.’

‘ನಾನು ಬಂದಾಗ ಮನೆ ಹಳದಿ ಇತ್ತಲ್ಲ.’

‘ಯಾರು ಹೇಳಿದ್ದು ನಿಂಗೆ? ಬೂದು. ಇಡೀ ಬೀದಿ ಬೂದು. ಅದಕ್ಕೇ ಅಲ್ವಾ ನೀನು ಕಂಡಕಂಡವರ ಮನೆಗೆ ನುಗ್ತಿದ್ದಿದ್ದು?’

ಅವಳ ಕೈಯಲ್ಲಿದ್ದ ಉಪ್ಪುಕಾಗದ ಮೆಟ್ಟಿಲ ಮೇಲೆ ಬಿತ್ತು. ಎತ್ತಿಕೊಳ್ಳಲಿಲ್ಲ. ಬೂದು ಬೀದಿ. ಮಿಕ್ಕ ಮನೆಗಳ ಕಣ್ಣುಗಳಲ್ಲೂ ಒಂದೊಂದು ಬೂದು ಉಂಗುರ ಕಂಡಿದ್ದಳು, ಎಲ್ಲವೂ ಒಂದೇ ಕಾಲದವೆಂದು ಮಾತ್ರ ಹೊಳೆದಿರಲಿಲ್ಲ. ಅವಳು ಅದನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು: ಆ ತುದಿಯಿಂದ ಈ ತುದಿಯವರೆಗೆ ಒಂದೇ ಕಿಟಕಿ, ಒಂದೇ ಮೆಟ್ಟಿಲು, ಒಂದೇ ಬಳ್ಳಿ, ಒಂದೇ ಬೂದು, ಬೆನ್ನಿಗೆ ಚೀಲ ಹಾಕಿದ, ಊರಿಗೆ ಹೊಸದಾದ ಒಂದು ಮಗು ಅದರ ಮುಂದೆ ನಿಂತಿದೆ. ಅದಕ್ಕೆ ಇನ್ನೂ ಅಂಕಿ ಓದಲು ಬಾರದು. ಯಾವ ಬಾಗಿಲೆಂದು ಅದು ಹೇಗೆ ಹೇಳೀತು? ಯಾರು ತಾನೇ ಹೇಳಿಯಾರು? ಮಂಕು ಮಗುವಲ್ಲ ಅದು. ಕಾಣಬೇಕಾದ ಹಳದಿ ಮನೆ ಅಲ್ಲಿ ಇರಲೇ ಇಲ್ಲ. ಜೀವಮಾನವೆಲ್ಲ ಒಳಗಿನಿಂದ ಇಣುಕಿ ಅವಳನ್ನು ಕುಗ್ಗಿಸಿದ್ದ ಆ ಮಗುವಿನ ಬಗ್ಗೆ ಅವಳಿಗೆ ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು. ಮೆಟ್ಟಿಲ ಮೇಲೆ ಕೂತಳು.

‘ಪಕ್ಕದವಳು ನಿನ್ನ ಕೈ ಹಿಡ್ಕೊಂಡು ಬಂದ್ಲಲ್ಲ, ಆ ದಿನ,’ ಅತ್ತೆ ಬಟಾಣಿ ಸುಲಿಯುತ್ತಲೇ ಹೇಳುತ್ತಿದ್ದರು, ‘ನಿಮ್ಮ ಮಾವ ಒಳಗೆ ಬಂದು ಉಸ್ಸ್ ಅಂತ ಕೂತ್ಕೊಂಡ್ರು. ತಪ್ಪು ಮಗೂದಲ್ಲ ಕಣೇ, ಎಲ್ಲಾ ಒಂದೇ ಥರ ಇದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು ಅಂದ್ರು. ಮಾರನೇ ದಿನ ಆಫೀಸಿಗೆ ರಜಾ ಹಾಕಿ ಬಣ್ಣದಂಗಡಿಗೆ ಹೋಗಿ, ಅಲ್ಲಿ ಯಾರೂ ತಗೊಳ್ಳದೆ ಬಿದ್ದಿದ್ದ ಈ ಬಣ್ಣಾನ ತಂದ್ರು. ನೀನು ಜ್ವರ ಅಂತ ಮಲಗಿದ್ದೆ. ಏಳೋಷ್ಟರಲ್ಲಿ ಬಳಿದು ಮುಗಿಸ್ಬೇಕು ಅಂತ ಒಂದೇ ಹಟ. ಬೀದಿಯವರ ಬಾಯಿ ಕೇಳ್ಬೇಕಿತ್ತು ನೀನು. ಕಾಮಾಲೆ ಮನೆ ಅಂದ್ರು. ಇವರ ಆಫೀಸಿನಲ್ಲೂ, ಏನ್ರೀ, ಮನೆಗೆ ಕಾಮಾಲೆ ವಾಸಿಯಾಯ್ತಾ ಅಂತ ವರ್ಷಗಟ್ಟಲೆ ಕೇಳೋರಂತೆ.’

‘ಮಾವ ಏನಂದ್ರು ಅದಕ್ಕೆ?’

‘ಏನಂತಾರೆ? ಉಸ್ಸ್.’

‘ನನ್ನ ಕಂಡ್ರೆ ಹಾಗನ್ನೋರು ಅತ್ತೆ. ಯಾವಾಗ್ಲೂ.’

‘ನಿನ್ನ ಕಂಡ್ರೆ ಏನು, ಯಾರ ಕಂಡ್ರೂ! ಮನಸ್ಸಿಗೆ ಏನಾದ್ರೂ ನಾಟಿದ್ರೆ ಆ ಮನುಷ್ಯನ ಬಾಯಲ್ಲಿ ಮಾತೇ ಹೊರಡ್ತಿರಲಿಲ್ಲ, ಗಾಳಿ ಹೊರಡ್ತಿತ್ತು. ಹೆಣ್ಣು ನೋಡೋಕೆ ಬಂದಾಗ ನನ್ನ ಮುಖ ನೋಡಿ ಉಸ್ಸ್ ಅಂದಿದ್ರು. ನಾನು ಈ ಗಂಡೇ ಬೇಡ ಅಂತ ಒಳಗೆ ಹೋಗಿ ಅತ್ತಿದ್ದೆ. ಆಮೇಲೆ ನೋಡಿದ್ರೆ ಅದು ಒಪ್ಪಿಗೆ.’

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಬಹುಮಾನ ತೋರಿಸಿದ ದಿನದ ಉಸ್ಸ್, ಚಪ್ಪಲಿಯ ಉಸ್ಸ್, ಕೋಣೆ ಹಿಡಿದು ಹೊರಟ ದಿನ ಇದೇ ಮೆಟ್ಟಿಲ ಮೇಲೆ ಅವಳ ಪೆಟ್ಟಿಗೆ ಹಿಡಿದು ನಿಂತು ಬಿಟ್ಟ ಉದ್ದನೆಯ ಉಸ್ಸ್ ಎಲ್ಲವೂ ಒಂದರ ಹಿಂದೊಂದು ಬಂದು ನಿಂತವು. ಒಂದೊಂದನ್ನೂ ಅವಳು ಮೊದಲಿನಿಂದ ಕೇಳಿಸಿಕೊಳ್ಳಬೇಕಾಯಿತು. ತನ್ನ ಕೈಯಾರೆ ಪೆನ್ಸಿಲು ಹಿಡಿದು ಅಂಚು ಕಟ್ಟಿದ, ದಿನಾ ಸಂಜೆ ರಸ್ತೆಯಾಚೆ ನಿಂತು ನೋಡಿ ಹಿಗ್ಗುತ್ತಿದ್ದ ಬೂದು ಬಣ್ಣವನ್ನು ಆ ಮನುಷ್ಯ ಅವಳ ಜ್ವರ ಬಿಡುವುದರೊಳಗೆ ಮುಚ್ಚಿದ್ದರು. ಬೀದಿಯ ನಗುವನ್ನು ಅವಳ ಮೇಲಿನಿಂದ ತೆಗೆದು ತಮ್ಮ ಮನೆಯ ಮೇಲೆ ಹಾಕಿಕೊಂಡಿದ್ದರು. ಹಾಕಿಕೊಂಡು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಇದಕ್ಕೆ ಕೊಡುವ ಚಿಲ್ಲರೆ ಅವಳ ಜೇಬಿನಲ್ಲಿರಲಿಲ್ಲ. ತನಗೆ ಯಾರೂ ಬೇಸರದಿಂದ ಏನನ್ನೂ ಕೊಟ್ಟಿರಲಿಲ್ಲ ಎಂಬುದು ಅಷ್ಟು ದೊಡ್ಡ ಸುಖವೆಂದು ಅವಳಿಗೆ ಗೊತ್ತಿರಲಿಲ್ಲ. ಬಿಸಿಲಲ್ಲಿ ಕೂತು, ಬೆನ್ನನ್ನು ಹಳದಿ ಗೋಡೆಗೆ ಆನಿಸಿ, ಅವಳು ಆ ಸುಖವನ್ನು ಸುಮ್ಮನೆ ಅನುಭವಿಸಿದಳು. ಗೋಡೆ ಬೆಚ್ಚಗಿತ್ತು.

‘ಆಮೇಲೆ ಮತ್ತೆ ಮತ್ತೆ ಇದೇ ಬಣ್ಣ ಬಳಿದಿದ್ದಾರೆ ಅತ್ತೆ. ಒಂದು ಚೂರೂ ವ್ಯತ್ಯಾಸ ಇಲ್ಲ.’

‘ಇರೋದಕ್ಕೆ ಬಿಟ್ರೆ ತಾನೆ? ಗೋಡೆಯಿಂದ ಒಂದು ಚಕ್ಕೆ ಎಬ್ಬಿಸಿ ಬೆಂಕಿಪೊಟ್ಟಣದಲ್ಲಿ ಇಟ್ಕೊಂಡು ಹೋಗೋರು. ಅಂಗಡಿಯವನು ಕಲಸಿ ಕಲಸಿ ಸುಸ್ತಾಗೋವರೆಗೂ ಬಿಡ್ತಿರಲಿಲ್ಲ.’

ಅವಳ ಚೀಲದಲ್ಲೂ ಅಂಥ ಸಣ್ಣ ಡಬ್ಬಿಗಳಿದ್ದವು, ಪ್ರತಿಯೊಂದರಲ್ಲೂ ಯಾವುದೋ ಗೋಡೆಯ ಒಂದು ಚಕ್ಕೆ. ಈ ವಿದ್ಯೆ ತನಗೆ ಕಾಲೇಜಿನಲ್ಲಿ ಬಂತೆಂದು ಅವಳು ತಿಳಿದಿದ್ದಳು. ಅವಳು ಎದ್ದು ಭೂತಗನ್ನಡಿ ಹಿಡಿದು ಹಳದಿಯ ಉಂಗುರಗಳನ್ನು ಇನ್ನೊಮ್ಮೆ ನೋಡಿದಳು. ಮೇಲಿನ ಪದರಗಳು ಹೊಸ ಕಾಲದ ಬಣ್ಣ, ಅದರ ಹೊಳಪೇ ಬೇರೆ. ಅವಳು ಈ ಮನೆ ಬಿಟ್ಟು ಹೋದ ಮೇಲಿನವು. ಯಾರು ದಾರಿ ತಪ್ಪಬಾರದೆಂದು ಬಳಿದರೋ ಆ ಹುಡುಗಿ ಊರಿನ ಇನ್ನೊಂದು ತುದಿಯಲ್ಲಿ, ಕೆಲಸ ಜಾಸ್ತಿ ಮಾವ, ಮುಂದಿನ ತಿಂಗಳು ನೋಡೋಣ, ಎಂದು ಫೋನಿನಲ್ಲಿ ಹೇಳುತ್ತಿದ್ದ ವರ್ಷಗಳ ಹಳದಿ. ಅದನ್ನು ನೋಡುವಾಗ ಕೃತಜ್ಞತೆಯ ಜೊತೆಗೇ ನಾಚಿಕೆಯೂ ಬಂತು. ಎರಡೂ ಒಟ್ಟಿಗೇ ಇದ್ದವು, ಯಾವುದನ್ನೂ ದೂಡಬೇಕೆನ್ನಿಸಲಿಲ್ಲ.

ಈಗ ಏನು ಬರೆಯುವುದು? ಮೊದಲ ಬಣ್ಣ ಮರಳಿನದೇ, ಅದರಲ್ಲಿ ಸುಳ್ಳಿಲ್ಲ. ಬರೆದರೆ ಹಳದಿ ಹೋಗುತ್ತದೆ. ಈ ಹಳದಿ ಉಳಿಯಲಿ, ಇದಕ್ಕೊಂದು ಕಾರಣವಿದೆ ಎಂದು ಬರೆದರೆ ಅದೂ ನಿಜವೇ. ಆದರೆ ಪಕ್ಕದ ಕಿಟಕಿಯ ಮುಂದೆ ಯಾವ ಮುಖ ಹೊತ್ತು ನಡೆಯುವುದು? ಗುಲಾಬಿಗೂ ಒಂದು ಕಾರಣವಿತ್ತು. ಟೈಲರಮ್ಮ ಹೇಳಿದ್ದರು ಕೂಡ, ಅವಳು ಕೇಳಿಸಿಕೊಂಡಿರಲಿಲ್ಲ. ತನಗೊಂದು ನ್ಯಾಯ, ಪರರಿಗೊಂದು ನ್ಯಾಯ. ಅಲ್ಲದೆ, ಬರೆಯುವ ಕೈ ಪರಿಚಯ ಅಷ್ಟೆ ಅಂದವಳ ಕೈ. ಮಾವ ಕಾಮಾಲೆ ಮನೆಯೆಂಬ ಮಾತನ್ನು ಅಷ್ಟು ವರ್ಷ ಹೊತ್ತಿದ್ದರೆ, ಅವಳಿಗೆ ದಂತವೈದ್ಯರ ಮುಂದೆ ಒಂದು ನಿಮಿಷದ ಪೆಚ್ಚುಮೋರೆ ಹೊರಲಾಗಿರಲಿಲ್ಲ. ಅವಳು ಫೋನು ತೆಗೆದಳು. ಎದ್ದು ದೂರ ಹೋಗಿ ಮಾತಾಡೋಣವೆನ್ನಿಸಿದರೂ ಹೋಗದೆ ಅತ್ತೆಯ ಕುರ್ಚಿಯ ಪಕ್ಕದಲ್ಲೇ ನಿಂತಳು.

‘ಹೇಳಮ್ಮ,’ ಅಂದರು ಅಧ್ಯಕ್ಷರು. ‘ಅದೂ ಮರಳಿನ ಬಣ್ಣ ತಾನೆ?’

‘ಮೊದಲನೇದು ಅದೇ ಸರ್. ಆದ್ರೆ ಈ ಮನೆ ವರದಿ ನಾನು ಬರೆಯೋ ಹಾಗಿಲ್ಲ.’

‘ಯಾಕೆ, ಏನಾಯ್ತು?’

‘ಸಭೆಯಲ್ಲಿ ಪರಿಚಯ ಅಷ್ಟೆ ಅಂದಿದ್ದೆ. ಸುಳ್ಳು ಹೇಳಿದ್ದೆ ಸರ್. ಇದು ನಮ್ಮ ಮನೆ. ನಾನು ಬೆಳೆದ ಮನೆ.’

ಪಕ್ಕದ ಮನೆಯ ಮಿಷಿನ್ನು ನಿಂತದ್ದು ಅವಳಿಗೆ ಗೊತ್ತಾಯಿತು.

‘ಇದು ಸಣ್ಣ ವಿಷಯ ಅಲ್ಲಮ್ಮ. ನೀವು ಹಿಂದೆ ಕೊಟ್ಟ ವರದಿಗಳ ಬಗ್ಗೆನೂ ಜನ ಈಗ ಕೇಳ್ತಾರೆ. ನಿಮ್ಮನ್ನ ಈ ಕೆಲಸದಲ್ಲಿ ಇಟ್ಕೊಳ್ಳೋದೇ ಕಷ್ಟ ಆಗಬಹುದು.’

‘ಕೇಳ್ಲಿ ಸರ್, ಕೇಳಬೇಕು. ಪಕ್ಕದ ಗುಲಾಬಿ ಮನೆಯದ್ದನ್ನೇ ಮೊದಲು ಕೇಳ್ಲಿ. ಅಲ್ಲಿ ನಾನು ಕೆಳಗಿನ ಬಣ್ಣ ಯಾವುದು ಅಂತ ಮಾತ್ರ ನೋಡಿದೆ. ಮೇಲಿನದು ಯಾಕೆ ಬಂತು ಅಂತ ನೋಡಲಿಲ್ಲ. ಇಲ್ಲಿಗೆ ಬೇರೆ ಯಾರನ್ನಾದ್ರೂ ಕಳಿಸಿ. ಹಳದಿ ತೆಗೀಬಾರದು ಅಂತ ಮನೆಯವರು ಅರ್ಜಿ ಕೊಡ್ತೀವಿ. ಅದರಲ್ಲಿ ನನ್ನ ಸಹಿನೂ ಇರುತ್ತೆ.’

ಫೋನು ಇಟ್ಟ ಮೇಲೆ ಮೈ ಹಗುರವಾಗಲಿಲ್ಲ. ಕೆಲಸ ಹೋದರೆ ಏನು ಮಾಡುವುದೆಂಬ ಭಯ ಇದ್ದೇ ಇತ್ತು. ಆದರೂ ಕಾಲುಗಳು ನೆಲಕ್ಕೆ ಗಟ್ಟಿಯಾಗಿ ಊರಿಕೊಂಡಿದ್ದವು. ಅತ್ತೆ ಅವಳನ್ನೇ ನೋಡುತ್ತಿದ್ದರು.

‘ಬೇರೆಯವನೊಬ್ಬ ಬಂದು ಇನ್ನೊಂದು ತೂತು ಮಾಡ್ತಾನಾ ಹಾಗಾದ್ರೆ?’

‘ಮಾಡ್ತಾನೆ ಅತ್ತೆ. ನಾನೂ ಇರ್ತೀನಿ ಆಗ. ನಿಮಗೆ ಇಷ್ಟವಾದ ಬಣ್ಣ ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ.’

‘ಇಷ್ಟಾನಾ? ನಂಗಾ?’ ಅತ್ತೆ ಮುಖ ಕಿವುಚಿದರು. ‘ಮೊದಲ ದಿನದಿಂದ ಕಣ್ಣಿಗೆ ಚುಚ್ಚುತ್ತೆ ನಂಗೆ ಅದು. ನಿಮ್ಮ ಮಾವಂಗೂ ಅಷ್ಟೇ, ಪ್ರತಿ ಸಲ ಬಳಿಯುವಾಗ್ಲೂ, ದರಿದ್ರ ಬಣ್ಣ, ದರಿದ್ರ ಬಣ್ಣ ಅಂತಾನೇ ಬಳೀತಿದ್ರು.’

‘ಮತ್ತೆ ನಾನು ಹೊರಟುಹೋದ ಮೇಲೂ ಯಾಕೆ ಬಳೀತಿದ್ರು?’

ಅತ್ತೆ ಇನ್ನೊಂದು ಬಟಾಣಿ ಎತ್ತಿಕೊಂಡು ಉಗುರಿನಿಂದ ಸೀಳಿದರು.

‘ನೀನು ಯಾವತ್ತು ಬರ್ತೀಯೋ ಯಾರಿಗೆ ಗೊತ್ತಿತ್ತು?’ ಅಂದರು.